ಡಾಕ್ಟರ ಹೆಂಡತಿಯ ಒಸಡು

ಬಚ್ಚಲುಮನೆಯ ಕನ್ನಡಿಯ ಹಿಂದಿನ ಪುಟ್ಟ ಕಪಾಟಿನಲ್ಲಿ ಬ್ಲೇಡು ಹುಡುಕುತ್ತಿದ್ದ ಜಯಸಿಂಹನ ಕೈಗೆ ಅದು ಸಿಕ್ಕಿತು. ಬೆರಳುದ್ದದ ಪ್ಲಾಸ್ಟಿಕ್ ಹಿಡಿ, ಅದರ ತುದಿಗೆ ಕಂಬಳಿಹುಳುವಿನಂಥ ಸಣ್ಣ ಬ್ರಷ್ಷು. ಹಲ್ಲುಗಳ ಸಂದಿಯಲ್ಲಿ ತೂರಿಸಿ ಉಜ್ಜುವಂಥದ್ದು. ಬೇರೆ ಯಾರ ಮನೆಯಲ್ಲಾದರೂ ಅದೊಂದು ಸಾಮಾನ್ಯ ವಸ್ತು. ಆದರೆ ಜಯಸಿಂಹ ಹಲ್ಲಿನ ಡಾಕ್ಟರು. ಜೋಗೇಶ್ವರಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಇಪ್ಪತ್ತೈದು ವರ್ಷದಿಂದ ಕ್ಲಿನಿಕ್ ನಡೆಸುತ್ತಿರುವವನು. ಆ ಬ್ರಷ್ಷಿನಲ್ಲಿ ನಾಲ್ಕಾರು ಗಾತ್ರಗಳಿವೆ, ಸಂದಿ ಎಷ್ಟು ಅಗಲವಾಗಿದೆ ಎಂದು ಬಾಯೊಳಗೆ ನೋಡಿದವರೇ ಗಾತ್ರ ಆರಿಸಿ ಕೊಡಬೇಕು ಎಂಬುದು ಅವನಿಗೆ ಗೊತ್ತು. ತಾನು ಕೊಟ್ಟಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಇರುವುದು ಇಬ್ಬರೇ. ಅಂದರೆ ಹೆಂಡತಿ ಶಾಮಲಾಳ ಬಾಯೊಳಗೆ ಬೇರೆ ಯಾರೋ ನೋಡಿದ್ದಾರೆ.

ಯಾರು ಎಂದು ಅವನು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಶಾಮಲಾ ಕೆಲಸ ಮಾಡುವ ವಿಮಾ ಕಚೇರಿ ಪರೇಲ್‌ನಲ್ಲಿ. ಅದೇ ರಸ್ತೆಯ ಕೊನೆಯಲ್ಲಿ, ಮೊದಲ ಮಹಡಿಯಲ್ಲಿ, ಅನಿಲಕುಮಾರನ ಕ್ಲಿನಿಕ್ ಇದೆ.

ಅನಿಲಕುಮಾರ ಕಲಬುರ್ಗಿ ಕಡೆಯವನು. ಅವನ ಅಪ್ಪ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು ಜೋಗೇಶ್ವರಿಯ ಚಾಳಿನಲ್ಲಿ ನೆಲೆಸಿದವರು. ಹುಡುಗ ಓದಿ ದಂತವೈದ್ಯನಾದ ಹೊಸದರಲ್ಲಿ ಸಂಜೆಯ ಹೊತ್ತು ಜಯಸಿಂಹನ ಕ್ಲಿನಿಕ್ಕಿನಲ್ಲಿ ಸಹಾಯಕನಾಗಿ ದುಡಿದಿದ್ದ. ಹೇಳಿದ್ದನ್ನು ಮಾಡುತ್ತಿದ್ದ, ಎದುರು ಮಾತಾಡುತ್ತಿರಲಿಲ್ಲ. ಆಮೇಲೆ ಒಸಡಿನ ವಿಷಯದಲ್ಲಿ ಮೇಲ್ದರ್ಜೆಯ ಓದಿಗೆ ಹೋದ. ಒಸಡಿನಲ್ಲಿ ಓದುವುದೇನಿದೆ, ಹಲ್ಲಿನ ಪಾಚಿ ಕೆರೆದು ಸ್ಕೇಲಿಂಗ್ ಮಾಡುವುದಕ್ಕೆ ಮೂರು ವರ್ಷ ಬೇಕೇ ಎಂದು ಜಯಸಿಂಹ ಆಗ ನಕ್ಕಿದ್ದ. ಓದು ಮುಗಿಸಿ ಬಂದ ಅನಿಲಕುಮಾರ ಪರೇಲ್‌ನಲ್ಲಿ ಸ್ವಂತ ಜಾಗ ತೆರೆದ. ಒಂದು ವರ್ಷ ಕಳೆಯುವಷ್ಟರಲ್ಲಿ ಜಯಸಿಂಹನ ಹಳೆಯ ಪೇಷೆಂಟುಗಳಲ್ಲಿ ಕೆಲವರು ಕಾಣದಾದರು. ಎದುರಿನ ಬಿಲ್ಡಿಂಗಿನ ಡಾಕ್ಟರ ಹತ್ತಿರ ಹೋಗಿದ್ದರೆ ಜಯಸಿಂಹ ಇಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ. ಇವರು ಲೋಕಲ್ ರೈಲು ಹತ್ತಿ, ನಿಂತುಕೊಂಡು, ಬೆವರಿಕೊಂಡು ಅಷ್ಟು ದೂರ ಹೋಗುತ್ತಿದ್ದರು.

ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ತನ್ನ ಬಗ್ಗೆ ಎಂದೂ ಬಳಸಿಕೊಂಡವನಲ್ಲ. ಆದರೆ ಅನಿಲಕುಮಾರನ ಕ್ಲಿನಿಕ್ಕಿಗೆ ಜನ ಮೊಬೈಲಿನಲ್ಲಿ ಕೊಟ್ಟ ಸ್ಟಾರ್ ರೇಟಿಂಗುಗಳನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿದ್ದ. ಯಾರಾದರೂ ಕಡಿಮೆ ಕೊಟ್ಟಿದ್ದರೆ ಆ ದೂರನ್ನು ಪೂರ್ತಿ ಓದುತ್ತಿದ್ದ. ಓದಿದ ಮೇಲೆ ಊಟ ಸ್ವಲ್ಪ ಹೆಚ್ಚು ರುಚಿಸುತ್ತಿತ್ತು.

ಹೋದ ವರ್ಷ ಕನ್ನಡ ಸಂಘದವರು ಒಂದು ಭಾನುವಾರ ಬೆಳಿಗ್ಗೆ ಅನಿಲಕುಮಾರನ ಭಾಷಣ ಇಟ್ಟುಕೊಂಡಿದ್ದರು. ಜಯಸಿಂಹನಿಗೆ ಹೋಗಲು ಮನಸ್ಸಿರಲಿಲ್ಲ. ಶಾಮಲಾ ಹೊರಟಿದ್ದಳು ಎಂದು ತಾನೂ ಹೋದ. ಅನಿಲಕುಮಾರ ತನ್ನ ಊರಿನ ಮಾತಿನಲ್ಲೇ ಮಾತಾಡಿದ. ಒಸಡಿನ ರೋಗ ಹಲ್ಲು ನಿಂತಿರುವ ಮೂಳೆಯನ್ನು ಸದ್ದಿಲ್ಲದೆ ತಿನ್ನುತ್ತದೆ, ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ ಎಂದು ಹೇಳಿ, ಈಗ ಅದನ್ನು ವಿಂಗಡಿಸುವ ಬಗೆಯೇ ಬದಲಾಗಿದೆ ಎಂದ. ಮೊದಲಿನ ಹಾಗೆ ಬರೀ ಹಳೇ ರೋಗ, ಜೋರಿನ ರೋಗ ಎಂದು ಬರೆದರೆ ಸಾಲದು.

“ಮನಿ ಗ್ವಾಡಿ ಎಷ್ಟು ಬಿದ್ದದ ಅನ್ನೋದು ಸ್ಟೇಜ್. ಎಷ್ಟು ಜಲ್ದಿ ಬೀಳಲಿಕತ್ತದ ಅನ್ನೋದು ಗ್ರೇಡ್. ಬಾಯಾಗ ಎಲ್ಲಿ ಭಾಳ ಹಾಳಾಗ್ಯದೋ, ಆ ಒಂದು ಜಾಗಾನೇ ಇಡೀ ಬಾಯಿ ಸ್ಟೇಜ್ ಹೇಳ್ತದ. ಅದಕ್ಕ ಒಂದು ಹಲ್ಲೂ ಬಿಡಬಾರದು,” ಎಂದು ಅವನು ಹೇಳಿದಾಗ ಸಭೆಯಲ್ಲಿದ್ದ ಹೆಂಗಸರು ತಲೆದೂಗಿದ್ದರು.

ಕೊನೆಗೆ ಅನಿಲಕುಮಾರ ಮುಂದಿನ ಸಾಲಿಗೆ ಕೈ ತೋರಿಸಿ, ತನಗೆ ಕೆಲಸದ ಶಿಸ್ತು ಕಲಿಸಿದ ಗುರುಗಳು ಇವರೇ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಯಸಿಂಹ ಎದ್ದು ಕೈಮುಗಿದ. ಶಿಸ್ತು ಮಾತ್ರ ಕಲಿಸಿದರು ಎಂದನಲ್ಲ, ವಿದ್ಯೆ ಕಲಿಸಿದರು ಎನ್ನಲಿಲ್ಲವಲ್ಲ ಎಂದು ಮನೆಯವರೆಗೂ ಕುದಿಯುತ್ತಾ ಬಂದ. ರಿಕ್ಷಾದಲ್ಲಿ ಪಕ್ಕದಲ್ಲಿ ಕೂತಿದ್ದ ಶಾಮಲಾ ಮಾತ್ರ, ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾನೆ ಅಲ್ವಾ ಎಂದಿದ್ದಳು.

ಬ್ರಷ್ಷು ಸಿಕ್ಕ ದಿನ ಅವನು ಅದನ್ನು ಇದ್ದಲ್ಲೇ ಇಟ್ಟ. ಏನೂ ಕೇಳಲಿಲ್ಲ. ಕೇಳಿದರೆ ಅವಳು ಹೌದು ಎಂದುಬಿಡುತ್ತಾಳೆ, ಅಲ್ಲಿಗೆ ಮುಗಿಯಿತು ಎಂಬ ಭಯವಿತ್ತು. ಕೇಳದೆ ಇರುವಷ್ಟು ದಿನ ತಪ್ಪು ಅವಳದ್ದಾಗಿಯೇ ಇರುತ್ತಿತ್ತು. ಊಟದ ಹೊತ್ತಿನಲ್ಲಿ ಅವಳನ್ನು ಗಮನಿಸತೊಡಗಿದ. ಚಪಾತಿಯನ್ನು ಬಲಗಡೆಯೇ ಅಗಿಯುತ್ತಿದ್ದಳು. ಊಟವಾದ ಮೇಲೆ ಬಚ್ಚಲಿನಲ್ಲಿ ಬಹಳ ಹೊತ್ತು ಇರುತ್ತಿದ್ದಳು. ಔಷಧಿಯ ನೀರಿನಿಂದ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ಕ್ಲಿನಿಕ್ಕಿನಲ್ಲಿ ಪೇಷೆಂಟುಗಳನ್ನು ನೋಡಿಕೊಳ್ಳುವ ನೀಲಾವತಿಯನ್ನು, ಮೇಡಂ ಇತ್ತೀಚೆಗೆ ನನ್ನನ್ನು ಕೇಳಿಕೊಂಡು ಬಂದಿದ್ದರೇ ಎಂದು ವಿಚಾರಿಸಿದ. ಇಲ್ಲ ಸರ್, ದೀಪಾವಳಿ ಪೂಜೆಗೆ ಬಂದಿದ್ದೇ ಕೊನೆ ಎಂದಳು ನೀಲಾವತಿ.

ಆ ವಾರವೇ ಒಂದು ಮಧ್ಯಾಹ್ನ ಅವನು ನೀಲಾವತಿಗೆ ಏನೋ ನೆಪ ಹೇಳಿ ಲೋಕಲ್ ಹತ್ತಿದ. ಪ್ರಭಾದೇವಿಯಲ್ಲಿ ಇಳಿದು ಪರೇಲ್ ಕಡೆಗೆ ನಡೆದ. ತನ್ನ ವಯಸ್ಸಿನ ಗಂಡಸು ಹೆಂಡತಿಯ ಬೆನ್ನುಹತ್ತಿ ಹೀಗೆ ಹೋಗುವುದು ನಾಚಿಕೆಗೇಡು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಹಾಗೆ ಅನ್ನಿಸಿದಷ್ಟೂ ಕಾಲು ಬೇಗ ಬೇಗ ಹೋಯಿತು. ಅನಿಲಕುಮಾರನ ಕ್ಲಿನಿಕ್ಕಿನ ಎದುರಿಗೆ ಒಂದು ಉಡುಪಿ ಹೋಟೆಲು. ಬಾಗಿಲ ಬಳಿಯ ಟೇಬಲ್ಲಿನಲ್ಲಿ ಕೂತು ಚಹಾ ಹೇಳಿದ. ಎದುರಿನ ಬೋರ್ಡನ್ನು ಓದಿದ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆಸಿದ್ದ. ತನ್ನ ಬೋರ್ಡಿನಲ್ಲಿ ಕನ್ನಡ ಇಲ್ಲವಲ್ಲ ಎಂದು ಆಗ ಹೊಳೆಯಿತು, ಅದೂ ಒಂದು ಮುಳ್ಳಾಯಿತು.

ಊಟದ ಬಿಡುವಿನ ಹೊತ್ತಿಗೆ ಶಾಮಲಾ ಬಂದಳು. ಅತ್ತಿತ್ತ ನೋಡದೆ ಮೆಟ್ಟಿಲು ಹತ್ತಿ ಹೋದಳು. ಎರಡನೇ ಚಹಾ ಆರಿ ತಣ್ಣಗಾದ ಮೇಲೆ ಇಳಿದು ಬಂದಳು. ಜೊತೆಗೆ ಅನಿಲಕುಮಾರನೂ ಬಾಗಿಲವರೆಗೆ ಬಂದಿದ್ದ. ಅವನು ಏನೋ ಹೇಳಿದ. ಶಾಮಲಾ ಬಾಯಿ ತುಂಬ ನಕ್ಕಳು.

ಆ ನಗು ಜಯಸಿಂಹನ ಎದೆಗೆ ಬಡಿಯಿತು. ಗಂಡಸು ಹೆಂಗಸು ಎಂಬ ಸಂಶಯ ಅವನಿಗೆ ಬರಲಿಲ್ಲ. ಅನಿಲಕುಮಾರ ಅವಳನ್ನು ಮೊದಲಿನಿಂದಲೂ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದವನು. ಜಯಸಿಂಹ ಕಂಡದ್ದು ಬೇರೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದೆ ನಕ್ಕಿದ್ದಳು. ಎಷ್ಟೋ ದಿನಗಳಿಂದ ಮನೆಯಲ್ಲಿ ಅವಳು ನಗುವಾಗ ಕೈ ಅಡ್ಡ ಇಡುತ್ತಿದ್ದಳು, ಹತ್ತಿರ ಕೂತು ಮಾತಾಡುವಾಗ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಬಾಯಿ ವಾಸನೆ ಬರುತ್ತದೆಂದು ಅಂಜಿ ಹಾಗೆ ಮಾಡುತ್ತಿದ್ದಳು ಎಂಬುದು, ದಿನಕ್ಕೆ ಹತ್ತಾರು ಬಾಯಿ ನೋಡುವ ಅವನಿಗೆ ಹೋಟೆಲಿನ ಟೇಬಲ್ಲಿನಲ್ಲಿ ಕೂತಾಗ ಹೊಳೆಯಿತು. ತನ್ನ ಎದುರು ಮುಚ್ಚಿಟ್ಟುಕೊಂಡದ್ದನ್ನು ಅವಳು ಅನಿಲಕುಮಾರನ ಎದುರು ತೆರೆದಿದ್ದಾಳೆ.

ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆಯೇ ಕೇಳಿದ. ಶಾಮಲಾ ಬಚ್ಚಿಡಲಿಲ್ಲ. ಎರಡು ತಿಂಗಳಿಂದ ಹೋಗುತ್ತಿದ್ದೇನೆ, ಒಳಗಿನವರೆಗೂ ಕ್ಲೀನ್ ಮಾಡುತ್ತಿದ್ದಾನೆ, ರಕ್ತ ಬರುವುದು ಕಡಿಮೆಯಾಗಿದೆ ಎಂದು ಹೇಳಿದಳು. ಡಾಕ್ಟರ ಹೆಂಡತಿ ಬೇರೆ ಡಾಕ್ಟರ ಹತ್ತಿರ ಹೋದರೆ ಜನ ಏನೆನ್ನುತ್ತಾರೆ, ಅದೂ ನನ್ನ ಕೈಕೆಳಗೆ ಇದ್ದವನ ಹತ್ತಿರ ಎಂದು ಜಯಸಿಂಹ ದನಿ ಏರಿಸಿದ.

“ನಿಮಗೆ ಎರಡು ಸಲ ಹೇಳಿದ್ದೆ ಕಣ್ರೀ,” ಎಂದಳು ಶಾಮಲಾ. “ಹಲ್ಲುಜ್ಜಿದರೆ ರಕ್ತ ಬರುತ್ತೆ ಅಂದೆ, ಪೇಸ್ಟ್ ಬದಲಾಯಿಸು ಅಂದ್ರಿ. ಎಡಗಡೆ ಹಲ್ಲು ಅಲ್ಲಾಡೋ ಹಾಗಿದೆ ಅಂದೆ, ವಯಸ್ಸಾಯ್ತಲ್ಲ ಅಂದ್ರಿ. ಒಂದು ಸಲಾನಾದ್ರೂ ಚೇರಿನ ಮೇಲೆ ಮಲಗಿಸಿ ನೋಡಿದ್ರಾ?”

ಆ ಮಾತಿಗೆ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಏನಂತೆ ಅವನ ಪ್ರಕಾರ ರೋಗ ಎಂದು ಕೇಳಿದ. ಸ್ಟೇಜ್ ಎರಡು, ಗ್ರೇಡ್ ಬಿ ಅಂತ ಹೇಳಿದ್ದಾನೆ ಎಂದಳು. ಪಾಠ ಒಪ್ಪಿಸಿದ ಹಾಗೆ ಹೇಳಿದಳು. ತನ್ನ ಹೆಂಡತಿಯ ಬಾಯಲ್ಲಿ ಅವನ ಮಾತು ಕೇಳಿಬರುತ್ತಿದೆ ಎಂದುಕೊಂಡ ಜಯಸಿಂಹ.

ಮೂರು ದಿನ ಅವನು ಕ್ಲಿನಿಕ್ಕಿನಲ್ಲಿ ಬಿಡುವಾದಾಗಲೆಲ್ಲ ಹೊಸ ವಿಂಗಡಣೆಯನ್ನು ಓದಿದ. ಅದು ಬಂದು ಎಷ್ಟೋ ವರ್ಷಗಳಾಗಿದ್ದರೂ ಅವನು ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಹೆಸರು ಬದಲಾಯಿಸಿದರೆ ರೋಗ ಬದಲಾಗುತ್ತದೆಯೇ ಎನ್ನುತ್ತಿದ್ದ. ಈಗ ಪರೀಕ್ಷೆಗೆ ಕೂರುವವನ ಹಾಗೆ ಓದಿದ. ಒಸಡು ಹಲ್ಲಿನಿಂದ ಬಿಟ್ಟುಕೊಂಡು ಆಗುವ ಸಂದಿಗೆ ಪಾಕೆಟ್ ಎನ್ನುತ್ತಾರೆ. ಅದರ ಆಳ ಐದು ಮಿಲಿಮೀಟರ್ ಒಳಗಿದ್ದರೆ ಎರಡನೇ ಸ್ಟೇಜ್ ಎನ್ನಬಹುದು. ಆರು ಮುಟ್ಟಿ, ಮೂಳೆ ಬೇರಿನ ನಡುಭಾಗದವರೆಗೆ ಕರಗಿದ್ದರೆ, ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಜಾಗ ಟೊಳ್ಳಾಗಿದ್ದರೆ, ಅದು ಮೂರು. ಮೂರಾದರೆ ಚಿಕಿತ್ಸೆಯ ದಾರಿಯೇ ಬೇರೆ. ಅವನು ಓದಿದ್ದು ಕಲಿಯುವುದಕ್ಕಲ್ಲ. ಅನಿಲಕುಮಾರ ಎಲ್ಲಿ ಎಡವಿರಬಹುದು ಎಂದು ತಿಳಿಯುವುದಕ್ಕೆ.

ಭಾನುವಾರ ಶಾಮಲಾಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ನಾನೂ ನೋಡುತ್ತೇನೆ, ನೀನೇ ತಾನೇ ನೋಡಲಿಲ್ಲ ಅಂದಿದ್ದು ಎಂದ. ಅವಳ ಮುಖ ಸ್ವಲ್ಪ ಅರಳಿತು. ರಜೆಯ ದಿನದ ಖಾಲಿ ಕ್ಲಿನಿಕ್ಕಿನಲ್ಲಿ ಅವಳು ಚೇರಿನ ಮೇಲೆ ಮಲಗಿ, ಸೀರೆಯ ಸೆರಗನ್ನು ಸರಿಮಾಡಿಕೊಂಡು, ಹೊಸ ಪೇಷೆಂಟಿನ ಹಾಗೆ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡಳು. ನೀವು ಹೇಗೆ ನೋಡ್ತೀರೋ ಅಂತ ನನಗೂ ಆಸೆ ಇತ್ತು ಎಂದು ಸಣ್ಣಗೆ ಹೇಳಿದಳು. ಆ ಮಾತನ್ನು ಅವನು ಕೇಳಿಸಿಕೊಂಡ, ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಗೆರೆಗಳ ಗುರುತಿರುವ ಸಣ್ಣ ಕಡ್ಡಿಯಂಥ ಪ್ರೋಬನ್ನು ಒಸಡಿನ ಅಂಚಿಗೆ ಹಿಡಿದು ಒಂದೊಂದು ಹಲ್ಲನ್ನೂ ಸುತ್ತಿದ. ಮೂರು, ಮೂರು, ನಾಲ್ಕು. ಕೆಲವು ಕಡೆ ಐದು. ಒಸಡು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಕೆಲಸ ನೀಟಾಗಿತ್ತು. ಬೇರಿಗೆ ಅಂಟಿ ಗಟ್ಟಿಯಾದ ಪಾಚಿ ಎಲ್ಲೂ ಉಳಿದಿರಲಿಲ್ಲ. ಇಷ್ಟು ಆಳಕ್ಕೆ, ಇಷ್ಟು ನುಣುಪಾಗಿ ತಾನು ಯಾರಿಗೂ ಮಾಡಿಲ್ಲ ಎಂಬುದು ಕಡ್ಡಿಯ ತುದಿಯಿಂದ ಬೆರಳಿಗೆ ತಿಳಿಯುತ್ತಿತ್ತು.

ಕೊನೆಗೆ ಮೇಲಿನ ಎಡಗಡೆಯ ಕೊನೆಯ ದವಡೆ ಹಲ್ಲಿಗೆ ಬಂದ. ಹಿಂಬದಿಗೆ ಹೋಗುವುದು ಕಷ್ಟ. ಕೆನ್ನೆಯನ್ನು ಎಳೆದು ಹಿಡಿದು ಕಡ್ಡಿ ಇಳಿಸಿದ. ಐದು ದಾಟಿತು. ಆರು ದಾಟಿತು. ಏಳರ ಹತ್ತಿರ ನಿಂತಿತು. ಡ್ರಾಯರಿನ ತಳದಲ್ಲಿದ್ದ, ಕಾಲೇಜಿನ ಕಾಲದಲ್ಲಿ ಕೊಂಡು ಹೆಚ್ಚು ಬಳಸದ ಬಾಗಿದ ಪ್ರೋಬನ್ನು ಹುಡುಕಿ ತೆಗೆದು, ತೊಳೆದು, ಸ್ಟೆರಿಲೈಸ್ ಮಾಡಿ, ಅದೇ ಜಾಗಕ್ಕೆ ಹಿಂದಿನಿಂದ ತೂರಿಸಿದ. ತುದಿ ಬೇರುಗಳ ಕವಲಿನೊಳಗೆ ಸಲೀಸಾಗಿ ಜಾರಿತು. ಶಾಮಲಾ ನೋವಿಗೆ ಚೇರಿನ ಕೈ ಹಿಡಿದಳು. ಅವನು ಎಕ್ಸ್‌ರೇ ತೆಗೆದ. ಪರದೆಯ ಮೇಲೆ ಆ ಬೇರಿನ ಪಕ್ಕದಲ್ಲಿ, ಮೂಳೆ ಇರಬೇಕಾದ ಕಡೆ, ಕಪ್ಪು ನೆರಳು ನಡುಭಾಗದವರೆಗೂ ಇಳಿದಿತ್ತು.

“ಸಿಕ್ಕಿಬಿದ್ದ,” ಎಂದ ಜಯಸಿಂಹ.

ಅವನಿಗೆ ಗೊತ್ತಿಲ್ಲದೆ ಮಾತು ಹೊರಗೆ ಬಂದಿತ್ತು. ಮುಖದಲ್ಲಿ ನಗುವೂ ಬಂದಿತ್ತು. ತಲೆಯ ಮೇಲಿನ ದೀಪದ ಬೆಳಕಿನಲ್ಲಿ ಶಾಮಲಾ ಅದನ್ನು ನೋಡಿದಳು. ಎದ್ದು ಕೂತು ಬಾಯಿಯ ರಕ್ತವನ್ನು ಉಗುಳಿ, ಬಾಯಿ ಒರೆಸಿಕೊಂಡು ಕೇಳಿದಳು.

“ಯಾರು ಸಿಕ್ಕಿಬಿದ್ದಿದ್ದು?”

ಅವನು ಎಕ್ಸ್‌ರೇ ತೋರಿಸಿ ವಿವರಿಸತೊಡಗಿದ. ಇದು ಸ್ಟೇಜ್ ಎರಡಲ್ಲ, ಮೂರು, ಆ ಹಲ್ಲು ಅಪಾಯದಲ್ಲಿದೆ, ಅವನು ಇಷ್ಟು ದಿನ ನೋಡಿಯೂ ನೋಡಿಲ್ಲ, ಇಷ್ಟೆಲ್ಲ ಬೋರ್ಡು ಹಾಕಿಕೊಂಡವನು ಎಂದು ಉತ್ಸಾಹದಿಂದ ಹೇಳುತ್ತಾ ಹೋದ. ಅವಳು ಪರದೆಯ ಕಡೆ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ, ಹಲ್ಲು ಬಿದ್ದುಹೋಗುತ್ತಾ ಎಂದಷ್ಟೇ ಕೇಳಿದಳು. ಆಗ ಅವನಿಗೆ ಆ ಹಲ್ಲು ಇವಳದ್ದು ಎಂಬುದು ನೆನಪಾಯಿತು. ಉಳಿಸಬಹುದು ಎಂದ. ಆದರೆ ದನಿ ಇಳಿದಿತ್ತು.

ಮಾರನೇ ದಿನ ಜಯಸಿಂಹ ಎಕ್ಸ್‌ರೇಯ ಪ್ರತಿ ಹಿಡಿದುಕೊಂಡು ಪರೇಲ್‌ಗೆ ಹೋದ. ಈ ಸಲ ಕದ್ದು ಹೋಗಲಿಲ್ಲ, ಮೆಟ್ಟಿಲನ್ನು ಶಬ್ದ ಮಾಡಿಕೊಂಡೇ ಹತ್ತಿದ. ಅನಿಲಕುಮಾರ ಪೇಷೆಂಟನ್ನು ಮುಗಿಸಿ ಹೊರಗೆ ಬಂದು, ಬರ್ರಿ ಸರ, ಒಳಗ ಬರ್ರಿ ಎಂದು ಕೈಹಿಡಿದು ಕರೆದುಕೊಂಡು ಹೋಗಿ ತನ್ನ ಕುರ್ಚಿಯಲ್ಲೇ ಕೂರಿಸಿದ. ಜಯಸಿಂಹ ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಆಡಿದ. ಇಡೀ ಬಾಯಿಯ ಸ್ಟೇಜನ್ನು ಒಂದು ಜಾಗವೇ ಹೇಳುತ್ತದೆ ಎಂದು ಸಭೆಯಲ್ಲಿ ಹೇಳಿದವನು ನೀನೇ ಅಲ್ಲವೇ ಎಂದೂ ಸೇರಿಸಿದ. ಅನಿಲಕುಮಾರ ವಾದ ಮಾಡುತ್ತಾನೆ, ತಡವರಿಸುತ್ತಾನೆ, ಬೆವರುತ್ತಾನೆ ಎಂದು ಅವನು ಕಾದಿದ್ದ.

ಅನಿಲಕುಮಾರ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಖರೇ ಅದ ಸರ. ನಾ ಬಿಟ್ಟೀನಿ,” ಎಂದ. “ಮೊದಲನೇ ದಿನ ವೈನಿಗೆ ಬಾಯಿ ಪೂರಾ ತೆರೀಲಿಕ್ಕೆ ಆಗ್ಲಿಲ್ಲ, ನೋವಿತ್ತು. ಆ ಹಲ್ಲಿನ ಹಿಂದಿನ ಬಾಜೂ ಮುಂದಿನ ಸಲ ನೋಡಿದ್ರಾಯ್ತು ಅಂದೆ. ಆಮ್ಯಾಲ ಮರ್ತೆ. ಅದನ್ನ ನೋಡದ ಸ್ಟೇಜ್ ಬರೀಬಾರದಿತ್ತು. ನೀವು ನೋಡಿದ್ದು ಛಲೋ ಆತ್ರಿ.”

ಅಷ್ಟೇ. ಅವನು ಕಂಪ್ಯೂಟರಿನಲ್ಲಿ ಎರಡನ್ನು ಅಳಿಸಿ ಮೂರು ಮಾಡಿದ. ಸಕ್ಕರೆ ಟೆಸ್ಟು ಮಾಡಿಸಿದ್ದೆವು, ಗಡಿಯಲ್ಲಿ ಇದೆ, ದಾಟಿಲ್ಲ, ಹಾಗಾಗಿ ರೋಗದ ವೇಗ ಹೆಚ್ಚಲಾರದು, ಗ್ರೇಡ್ ಬಿ ಎಂದೇ ಇರಲಿ ಎಂದು ಹೇಳಿದ. ಹೆಂಡತಿಯ ಸಕ್ಕರೆ ಗಡಿಯಲ್ಲಿದೆ ಎಂಬುದು ಜಯಸಿಂಹನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವನ ಹಾಗೆ ತಲೆಯಾಡಿಸಿದ. ಗೆದ್ದು ಬಂದವನು ತಾನು, ಆದರೆ ಎದುರಿಗಿದ್ದವನು ಸೋತವನ ಹಾಗೆ ಕಾಣುತ್ತಿರಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದರಲ್ಲೂ ಇವನು ನನಗಿಂತ ಒಳ್ಳೆಯವನೇ ಎಂದು ಜಯಸಿಂಹನಿಗೆ ಮೈ ಉರಿಯಿತು.

ಅನಿಲಕುಮಾರ ಮುಂದಿನ ದಾರಿ ಹೇಳಿದ. ಆ ಜಾಗವನ್ನು ಇನ್ನೊಮ್ಮೆ ಆಳವಾಗಿ ಕ್ಲೀನ್ ಮಾಡಿ ಒಂದೂವರೆ ತಿಂಗಳು ಕಾಯಬೇಕು. ಪಾಕೆಟ್ಟಿನ ಆಳ ಇಳಿಯದಿದ್ದರೆ ಒಸಡನ್ನು ಬಿಡಿಸಿ ಒಳಗೆ ನೋಡಿ ಸರಿಮಾಡಬೇಕು. ಆಮೇಲೆ ತಡೆದು ಕೇಳಿದ, ಸರ, ಅದನ್ನು ನೀವು ಮಾಡ್ತೀರೋ, ನಾ ಮಾಡ್ಲೋ. ಒಸಡು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಜಯಸಿಂಹ ಕಾಲೇಜು ಬಿಟ್ಟ ಮೇಲೆ ಮಾಡಿರಲಿಲ್ಲ. ಅದನ್ನು ಹೇಳಲು ನಾಲಿಗೆ ಬರಲಿಲ್ಲ. ಅವಳನ್ನೇ ಕೇಳೋಣ ಎಂದು ಎದ್ದುಬಂದ. ರೋಗ ಹುಡುಕಿದವನು ನಾನು, ಅವಳು ನನ್ನನ್ನೇ ಆರಿಸುತ್ತಾಳೆ ಎಂದು ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತು ಯೋಚಿಸಿದ. ಅವಳು ನಿಮ್ಮ ಕೈಯಲ್ಲೇ ಆಗಲಿ ಎನ್ನಬೇಕು, ತಾನು ದೊಡ್ಡ ಮನಸ್ಸು ಮಾಡಿ ಅವನ ಕೈಗೆ ಬಿಟ್ಟುಕೊಡಬೇಕು. ಅಂಧೇರಿ ದಾಟುವಷ್ಟರಲ್ಲಿ ಅದು ಹಾಗೆಯೇ ಆಗುತ್ತದೆ ಎಂಬ ನಂಬಿಕೆ ಬಂದಿತ್ತು.

ಶಾಮಲಾ ಒಗ್ಗರಣೆ ಹಾಕುತ್ತಿದ್ದವಳು ಗ್ಯಾಸ್ ಆರಿಸಿ ತಿರುಗಿದಳು. ಅನಿಲನೇ ಮಾಡಲಿ ಎಂದಳು. ಯೋಚಿಸಿಯೂ ನೋಡಲಿಲ್ಲ.

“ಅವನು ಬಿಟ್ಟಿದ್ದನ್ನ ಹುಡುಕಿದ್ದು ನಾನು,” ಎಂದ ಜಯಸಿಂಹ.

“ನಿಜ, ನೀವೇ ಹುಡುಕಿದ್ರಿ. ಇಲ್ಲ ಅನ್ನಲ್ಲ,” ಎಂದಳು ಅವಳು. “ಆದರೆ ನನ್ನ ಬಾಯೊಳಗೆ ನೀವು ಹುಡುಕ್ತಿದ್ದಿದ್ದು ಅವನನ್ನ. ಅಷ್ಟು ಖುಷಿಯಾಗಿ ನಿಮ್ಮನ್ನ ನೋಡಿ ಎಷ್ಟು ದಿನ ಆಗಿತ್ತು ಗೊತ್ತಾ? ನನ್ನ ಹಲ್ಲು ಹಾಳಾಗಿದೆ ಅಂತ ಖುಷಿ.”

ಅವಳು ಮತ್ತೆ ಗ್ಯಾಸ್ ಹಚ್ಚಿದಳು. ಜಯಸಿಂಹ ಬಾಲ್ಕನಿಗೆ ಹೋಗಿ ನಿಂತ. ಕೆಳಗೆ ಗ್ಯಾರೇಜಿನವರು ಟೆಂಪೋ ಒಂದರ ಕೆಳಗೆ ಮಲಗಿ ಏನೋ ಬಡಿಯುತ್ತಿದ್ದರು. ಹಾಗೆಲ್ಲ ಇಲ್ಲ ಎಂದು ಹೇಳಲು ಎರಡು ಸಲ ಅಡುಗೆಮನೆಯ ಬಾಗಿಲಿಗೆ ಬಂದ. ಹೇಳಿದರೆ ಸುಳ್ಳಾಗುತ್ತಿತ್ತು. ಹಿಂದಿರುಗಿದ.

ಒಂದೂವರೆ ತಿಂಗಳಲ್ಲಿ ಉಳಿದ ಕಡೆಯೆಲ್ಲ ಒಸಡು ಗಟ್ಟಿಯಾಯಿತು, ಆ ಒಂದು ಜಾಗದ ಆಳ ಮಾತ್ರ ಇಳಿಯಲಿಲ್ಲ. ಶಸ್ತ್ರಚಿಕಿತ್ಸೆಯ ದಿನ ಜಯಸಿಂಹ ಜೊತೆಯಲ್ಲಿ ಹೋದ. ನೀವು ಬರಬೇಕಾಗಿಲ್ಲ ಎಂದಿದ್ದಳು ಶಾಮಲಾ, ಬರಬೇಡಿ ಎಂದಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಪೇಷೆಂಟುಗಳ ಜೊತೆ ಕೂತ. ಒಳಗಿನ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಶಾಮಲಾಳ ನಗು ಕೇಳಿಸಿತು, ಅನಿಲಕುಮಾರ ಏನೋ ತಮಾಷೆ ಮಾಡಿರಬೇಕು. ಸೂಜಿಗೆ ಹೆದರುವವಳು ಅವಳು. ಹೆರಿಗೆಯ ಕಾಲದಲ್ಲೂ ಸೂಜಿ ಎಂದರೆ ಅವನ ಕೈ ಬಿಡುತ್ತಿರಲಿಲ್ಲ. ಈಗ ಸೂಜಿಯ ಮುಂದೆ ನಗುತ್ತಿದ್ದಾಳೆ. ಜಯಸಿಂಹ ಎದ್ದು ನೀರು ಕುಡಿದು ಬಂದ.

ಎದುರಿನ ಬೆಂಚಿನಲ್ಲಿ ಪೇಪರು ಮುಖಕ್ಕೆ ಹಿಡಿದುಕೊಂಡಿದ್ದ ಮುದುಕರೊಬ್ಬರು ಆಗಿನಿಂದ ಪುಟ ತಿರುವಿರಲಿಲ್ಲ. ಅವರ ಚಪ್ಪಲಿ, ಧೋತರ ನೋಡಿದೊಡನೆ ಜಯಸಿಂಹನಿಗೆ ಗುರುತು ಸಿಕ್ಕಿತು. ಅಣವೀರಪ್ಪ. ಹದಿನೈದು ವರ್ಷ ತನ್ನ ಹತ್ತಿರವೇ ಹಲ್ಲು ತೋರಿಸುತ್ತಿದ್ದ, ಬಂದಾಗಲೆಲ್ಲ ಊರಿನ ಜೋಳದ ರೊಟ್ಟಿ ತಂದುಕೊಡುತ್ತಿದ್ದ ಕಾಂಟ್ರಾಕ್ಟರು. ಎರಡು ವರ್ಷದಿಂದ ಪತ್ತೆಯಿರಲಿಲ್ಲ. ಊರಿಗೆ ಹೋದರೇನೋ ಅಂದುಕೊಂಡಿದ್ದ.

ಇನ್ನು ಅಡಗುವಂತಿಲ್ಲ ಎಂದು ತಿಳಿದು ಅಣವೀರಪ್ಪ ಪೇಪರು ಇಳಿಸಿದರು. ಪಾಪ, ಅವರ ಮುಖ ಕೆಂಪಾಗಿತ್ತು.

“ಡಾಕ್ಟರ್‌ಸಾಹೇಬ್ರ, ನೀವೂ ಇಲ್ಲೇ ತೋರಸ್ತೀರೇನ್ರಿ?” ಎಂದು ಕೇಳಿದರು.

ಬೆಂಚಿನಲ್ಲಿದ್ದ ಉಳಿದವರೂ ಇತ್ತ ತಿರುಗಿದರು. ಸುಮ್ಮನೆ ಬಂದಿದ್ದೆ ಎನ್ನಬಹುದಿತ್ತು. ನನ್ನ ಶಿಷ್ಯ, ಹೇಗೆ ನಡೆಸುತ್ತಿದ್ದಾನೆ ನೋಡಲು ಬಂದೆ ಎನ್ನಬಹುದಿತ್ತು. ಆ ಎರಡನೆಯ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

“ನಮ್ಮ ಮನೆಯವರನ್ನ ಕರಕೊಂಡು ಬಂದೆ,” ಎಂದ ಜಯಸಿಂಹ. “ಒಸಡಿನ ಕೆಲಸ ಇವರು ನನಗಿಂತ ಚೆನ್ನಾಗಿ ಮಾಡ್ತಾರೆ.”

ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದರೆ ಹಾಗೇನೂ ಆಗಲಿಲ್ಲ. ಅಣವೀರಪ್ಪ ಮಾತ್ರ ಎದ್ದು ಬಂದು ಪಕ್ಕದಲ್ಲಿ ಕೂತು, ನಿಮಗೆ ಹೇಳದೆ ಬಿಟ್ಟೆ, ಮನಸ್ಸಿಗೆ ಬ್ಯಾಸರಾಗಿತ್ತು ಎಂದು ಬಹಳ ಹೊತ್ತು ಮಾತಾಡಿದರು. ರೂಟ್ ಕೆನಾಲ್ ಕೆಲಸವಿದ್ದರೆ ನಿಮ್ಮ ಹತ್ತಿರವೇ ಬರುತ್ತೇನೆ ಎಂದರು. ಬರುತ್ತಾರೋ ಇಲ್ಲವೋ, ಜಯಸಿಂಹ ತಲೆಯಾಡಿಸಿದ.

ಆಗ ಒಳಗಿನ ಬಾಗಿಲು ತೆರೆದು ಅನಿಲಕುಮಾರನ ನರ್ಸು, ಸರ್ ಕರೀತಿದ್ದಾರೆ ಎಂದಳು. ಮಾಸ್ಕು, ಗೌನು ಹಾಕಿಕೊಂಡು ಒಳಗೆ ಹೋದ. ಒಸಡನ್ನು ಬಿಡಿಸಿ ಹಿಡಿಯಲಾಗಿತ್ತು. ಹೊಲಿಯುವ ಮುಂಚೆ ಒಮ್ಮೆ ನೀವು ನೋಡಬೇಕು ಎಂದು ಅನಿಲಕುಮಾರ ಪಕ್ಕಕ್ಕೆ ಸರಿದ. ನೀವು ಹೇಳಿದಷ್ಟೇ ಅದ ಸರ, ಒಂದು ಎಳಿ ಹೆಚ್ಚಿಲ್ಲ ಕಡಿಮಿಲ್ಲ ಎಂದ. ಬೇರಿನ ಕವಲು ಸ್ವಚ್ಛವಾಗಿ ಕಾಣುತ್ತಿತ್ತು. ರಕ್ತ ಅಷ್ಟಿಷ್ಟೇ. ಅಂಚು ಎಲ್ಲೂ ಹರಿದಿರಲಿಲ್ಲ. ಜಯಸಿಂಹ ಆ ಕೈಕೆಲಸವನ್ನು ನೋಡಿದ. ಎಂಥ ಕೈ ಎಂದುಕೊಂಡ. ತನ್ನ ಕ್ಲಿನಿಕ್ಕಿನಲ್ಲಿ ಇದೇ ಕೈಯನ್ನು ಹತ್ತಿಯುಂಡೆ ಮಾಡಲು, ಪಾತ್ರೆ ತೊಳೆಯಲು ಹಚ್ಚಿದ್ದೆ ಎಂಬುದು ನೆನಪಾಗಿ ಮುಖ ಬಿಸಿಯಾಯಿತು. ಶಾಮಲಾ ಕಣ್ಣು ಮುಚ್ಚಿಕೊಂಡಿದ್ದಳು. ತನ್ನ ಗಂಡ ಬಂದಿದ್ದಾನೆ ಎಂದು ಹೆಜ್ಜೆಯಿಂದ ತಿಳಿದಿರಬೇಕು. ಗೌನಿನ ಅಂಚನ್ನು ಹುಡುಕಿ ಎರಡು ಬೆರಳಲ್ಲಿ ಹಿಡಿದುಕೊಂಡಳು. ಹೊಲಿಗೆ ಮುಗಿಯುವವರೆಗೂ ಅವನು ಅಲ್ಲೇ ನಿಂತ.

ಮನೆಗೆ ಟ್ಯಾಕ್ಸಿಯಲ್ಲಿ ಬಂದರು. ನಾಲ್ಕು ದಿನ ಅವನೇ ಗಂಜಿ ಮಾಡಿದ, ಕೆನ್ನೆಗೆ ಐಸಿನ ಪೊಟ್ಟಣ ಹಿಡಿದ. ಅವಳು ಸಹಾಯ ತೆಗೆದುಕೊಂಡಳು. ಆದರೆ ಅನಿಲಕುಮಾರನ ಫೋನು ಬಂದಾಗ ಅವಳ ದನಿ ಒಂದು ಎಳೆ ಮೇಲೇರುವುದನ್ನು ಅವನು ಗಮನಿಸದೆ ಇರಲಾಗಲಿಲ್ಲ.

ಕ್ಲಿನಿಕ್ಕಿನಲ್ಲಿ ಜಯಸಿಂಹ ಈಗ ಬಂದವರೆಲ್ಲರ ಒಸಡನ್ನೂ ಸುತ್ತ ಅಳೆಯುತ್ತಾನೆ. ಬರೀ ಹಲ್ಲುಕುಳಿ ತುಂಬಿಸಿಕೊಳ್ಳಲು ಬಂದವರನ್ನೂ ಬಿಡುವುದಿಲ್ಲ. ಅಂಕಿಗಳನ್ನು ಬರೆದುಕೊಳ್ಳುವ ನೀಲಾವತಿಗೆ ಬೇಸರವಾಗುತ್ತದೆ. ಡಾಕ್ಟರು ಎಷ್ಟು ಬದಲಾದರು ಎಂದು ಜನ ಹೊಗಳುತ್ತಾರೆ. ನಾನು ಬಿಟ್ಟದ್ದನ್ನು ನಾಳೆ ಪರೇಲ್‌ನಲ್ಲಿ ಅನಿಲಕುಮಾರ ಹುಡುಕಬಾರದು ಎಂಬುದೇ ಬಹುಪಾಲು ಕಾರಣ ಎಂದು ಅವನಿಗೆ ಗೊತ್ತು. ತನ್ನಿಂದ ಆಗದ್ದನ್ನು ಅನಿಲಕುಮಾರನಿಗೆ ಕಳಿಸುತ್ತಾನೆ. ಕಳಿಸುವ ಮುಂಚೆ ಸ್ಟೇಜು ಗ್ರೇಡು ತಾನೇ ಬರೆಯುತ್ತಾನೆ. ಅದನ್ನು ಅವನು ಬದಲಾಯಿಸದೆ ಒಪ್ಪಿಕೊಂಡರೆ ಆ ದಿನವೆಲ್ಲ ಜಯಸಿಂಹ ಗೆಲುವಾಗಿರುತ್ತಾನೆ.

ಮೂರು ತಿಂಗಳಾದ ಮೇಲೆ ಅನಿಲಕುಮಾರ ಅಳೆದು ನೋಡಿ, ಏಳು ಇದ್ದದ್ದು ನಾಲ್ಕಕ್ಕೆ ಬಂದಿದೆ ಎಂದ. ಶಾಮಲಾ ಆ ಸಂಜೆ ಎಡಗಡೆಯಲ್ಲೇ ಕೋಡುಬಳೆ ಕಡಿದು ತೋರಿಸಿದಳು.

ಒಂದು ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಕಿಟಕಿಯ ಹತ್ತಿರ ಬಂದು ಅವನ ಮುಂದೆ ನಿಂತಳು. ಏನೂ ನೋವಿಲ್ಲ, ಆದರೂ ಒಂದು ಸಲ ನೋಡಿ ಎಂದು ತಾನಾಗಿಯೇ ಬಾಯಿ ತೆರೆದಳು. ಜಯಸಿಂಹ ಕೈ ತೊಳೆದು ಬಂದು ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ಅವನ ಕಣ್ಣು ಮೊದಲು ಹೋದದ್ದು ಅನಿಲಕುಮಾರನ ಹೊಲಿಗೆ ಬಿದ್ದಿದ್ದ ಜಾಗಕ್ಕೆ. ಗುರುತೇ ಉಳಿದಿರಲಿಲ್ಲ. ಎಲ್ಲಾದರೂ ಸ್ವಲ್ಪವಾದರೂ ಸೊಟ್ಟಗಿದೆಯೇ ಎಂದು ಕಣ್ಣು ಹುಡುಕಿತು. ಅವಳು ಬಾಯಿ ಮುಚ್ಚಿ, ಹೇಗಿದೆ ಎಂದು ಕೇಳಿದಳು.

“ಇನ್ನೊಂದು ಸಲ ಬಾಯಿ ತೆಗಿ,” ಎಂದ ಅವನು. “ನಿನ್ನ ಹಲ್ಲನ್ನ ಸರಿಯಾಗಿ ನೋಡಲಿಲ್ಲ.”